ಮಂಗಳೂರಿನಲ್ಲಿ ಒಂದು ದಿನ ಮೊದಲೇ ರಂಜಾನ್ ಹಬ್ಬವಾ?

ಬೆಂಗಳೂರಲ್ಲಿ ರಜೆ ಮಾರನೇ ದಿನ ಇದೆ, ಮಂಗಳೂರಿನ ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ) ಗೆಳೆಯ ಹಿಂದಿನ ದಿನವೇ ಊಟಕ್ಕೆ ಕರೆದಿದ್ದಾನೆ, ಹೇಗೆ ಅಂತ ಕೇಳಿದ್ದೀರಿ. ಅವರು ತಪ್ಪು ಹೇಳಿಲ್ಲ. ಕರಾವಳಿಯವರು ಸಾಮಾನ್ಯವಾಗಿ ಕೇರಳದಲ್ಲಿ ಚಂದ್ರ ಕಂಡದ್ದನ್ನು ಒಪ್ಪುತ್ತಾರೆ. 2024ರಲ್ಲಿ ಮಂಗಳೂರಿನಲ್ಲಿ ಏಪ್ರಿಲ್ 10ಕ್ಕೆ ಹಬ್ಬ, ಬೆಂಗಳೂರಿನಲ್ಲಿ 11ಕ್ಕೆ. ಕೆಲವು ವರ್ಷ ಎರಡೂ ಕಡೆ ಒಂದೇ ದಿನ ಬರುವುದೂ ಉಂಟು. ಹಿಂದಿನ ರಾತ್ರಿ ಖಾಜಿಯವರು, ಅಂದರೆ ಊರಿನ ಧಾರ್ಮಿಕ ಮುಖ್ಯಸ್ಥರು, ಹೇಳುವ ತನಕ ಗ್ಯಾರಂಟಿ ಇಲ್ಲ. ಟಿಕೆಟ್ ಮಾಡುವಾಗ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಬೆಳಿಗ್ಗೆ ಬೇಗ ಹೋಗಬೇಡಿ, ಮನೆಯವರು ಪುರುಸೊತ್ತಿಲ್ಲದೆ ಓಡಾಡುತ್ತಿರುತ್ತಾರೆ. ನಮಾಜಿಗೆ ಮೊದಲೇ ಫಿತ್ರ್ ಝಕಾತ್ ಅನ್ನುವ ಹಬ್ಬದ ದಾನ ಮುಟ್ಟಿಸಬೇಕು. ಹಸುಗೂಸನ್ನೂ ಸೇರಿಸಿ ತಲೆಗೆ ಎರಡೂವರೆ, ಮೂರು ಕಿಲೋ ಅಕ್ಕಿ ಅಳೆದು ಬಡವರ ಮನೆಗೆ ಕೊಡುತ್ತಾರೆ. ಹಬ್ಬದ ದಿನ ಯಾರ ಒಲೆಯೂ ಆರಬಾರದು ಅಂತ. ಆಮೇಲೆ ನಮಾಜು, ತೀರಿಹೋದ ಹಿರಿಯರ ಗೋರಿ ಹತ್ತಿರ ಪ್ರಾರ್ಥನೆ, ನೆಂಟರ ಮನೆ. ನೀವು ಮಧ್ಯಾಹ್ನಕ್ಕೆ ಹೋದರೆ ಸರಿ.

ಶೀರ್ ಖುರ್ಮಾ (ಹಾಲು, ಶಾವಿಗೆಯ ಪಾಯಸ) ನೆನೆಸಿಕೊಂಡು ಹೋಗಬೇಡಿ, ಅದು ಹೆಚ್ಚಾಗಿ ಉರ್ದು ಮಾತಾಡುವವರ ಮನೆಯದು. ಇಲ್ಲಿ ಅಕ್ಕಿಹಿಟ್ಟಿನ ತೆಳು ರೊಟ್ಟಿ ಪತ್ತಿರ್, ಕೋಳಿ ಸಾರು, ತುಪ್ಪದ ಅನ್ನ ಅಥವಾ ಬಿರಿಯಾನಿ. ನನ್ನ ಕೇಳಿದರೆ ಪತ್ತಿರೇ ಮೇಲು. ಮಾಂಸ ತಿನ್ನದಿದ್ದರೆ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ಕೈಯಲ್ಲಿ ಒಂದು ಸ್ವೀಟ್ ಬಾಕ್ಸ್ ಇದ್ದರೆ ಸಾಕು.