ದಾರದಂಥ ಬ್ಯಾಟರಿಯನ್ನು ಅಂಗಿಯಲ್ಲೇ ನೇಯ್ದರೆ ಪವರ್ ಬ್ಯಾಂಕ್ ಬೇಡವೇ?

ನೇಯಬಹುದು, ಅದರಿಂದ ಫೋನನ್ನೂ ಚಾರ್ಜ್ ಮಾಡಬಹುದು. ಆದರೆ ಪವರ್ ಬ್ಯಾಂಕನ್ನು ಈಗಲೇ ಎಸೆಯಬೇಡಿ.

ಸುಮ್ನೆ ಒಂದು ಲೆಕ್ಕ ಹಾಕೋಣ. 5000 ಎಂಎಎಚ್ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್‌ನಷ್ಟು ಶಕ್ತಿ ಇರುತ್ತದೆ. ಚೀನಾದ ಫುಡಾನ್ ವಿಶ್ವವಿದ್ಯಾಲಯದ ಪೆಂಗ್ ಹುಯಿಶೆಂಗ್ ತಂಡ 2021ರಲ್ಲಿ ತೋರಿಸಿದ ಲಿಥಿಯಂ-ಅಯಾನ್ ದಾರದಲ್ಲಿ, ಹೊರಕವಚದ ತೂಕವೂ ಸೇರಿ, ಕೆಜಿಗೆ ಸುಮಾರು 85 ವ್ಯಾಟ್-ಅವರ್ ಇತ್ತು. ಅಂದರೆ ಫೋನ್ ಒಮ್ಮೆ ತುಂಬಲು 220 ಗ್ರಾಂ ದಾರ. ತೆಳು ಟೀ-ಶರ್ಟ್‌ಗಿಂತ ಅದರೊಳಗಿನ ಬ್ಯಾಟರಿಯೇ ಜಾಸ್ತಿ ತೂಗುತ್ತದೆ!

ಆದರೂ ಆ ಕೆಲಸ ನನಗೆ ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ದಾರ ಉದ್ದವಾದಷ್ಟೂ ಒಳಗಿನ ರೋಧ ಏರುತ್ತದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಅವರ ಅಳತೆಯಲ್ಲಿ ಅದು ಮೊದಲು ಇಳಿದು, ಆಮೇಲೆ ಒಂದು ಮಟ್ಟಕ್ಕೆ ನಿಂತಿತು. ಉದ್ದ ಹೆಚ್ಚಿದಂತೆ ಎದುರುಬದುರು ಇರುವ ಎಲೆಕ್ಟ್ರೋಡ್‌ಗಳ (ಬ್ಯಾಟರಿಯ ಪ್ಲಸ್, ಮೈನಸ್ ಭಾಗಗಳ) ಜಾಗವೂ ಹೆಚ್ಚುತ್ತದೆ, ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ದಾಟಲು ದಾರಿ ಅಗಲವಾಗುತ್ತದೆ. ಒಳಗಿನ ತಂತಿ ಮಾತ್ರ ಚೆನ್ನಾಗಿ ಕರೆಂಟ್ ಹರಿಸುವಂಥದ್ದಾಗಿರಬೇಕು. ಹಾಗಾಗಿಯೇ ಮೀಟರ್‌ಗಟ್ಟಲೆ ಉದ್ದ ಸಾಧ್ಯವಾಯಿತು. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 140 ಮೀಟರ್ ಉದ್ದದ್ದನ್ನೇ ಎಳೆದರು, ಅದರಲ್ಲಿ ಹಿಡಿದದ್ದು 123 ಎಂಎಎಚ್.

ನಾನು ಎಂಟೆಕ್ ಪ್ರಾಜೆಕ್ಟ್‌ಗೆ ಮಾಡಿದ್ದು ಇದರ ತಮ್ಮ, ಸೂಪರ್‌ಕೆಪಾಸಿಟರ್ ದಾರ. ಬೇಗ ಚಾರ್ಜ್ ಆಗುತ್ತದೆ, ಆದರೆ ಬ್ಯಾಟರಿಗಿಂತ ಕಡಿಮೆ ಹಿಡಿಯುತ್ತದೆ. ಎರಡು ಕಾರ್ಬನ್ ಎಳೆಗಳನ್ನು ಪಿವಿಎ (ನೀರಲ್ಲಿ ಕರಗುವ ಒಂದು ಪ್ಲಾಸ್ಟಿಕ್) ಮತ್ತು ಫಾಸ್ಫೋರಿಕ್ ಆಸಿಡ್ ಗೋಂದಿನಲ್ಲಿ ಅದ್ದಿ, ಒಣಗಿಸಿ, ಒಟ್ಟಿಗೆ ಹೊಸೆಯುವುದು. ಮೊದಲನೆಯದು ಮೇಜಿನ ಮೇಲೆ ಚೆನ್ನಾಗಿತ್ತು. ಬೆರಳಿಗೆ ಸುತ್ತಿದ ತಕ್ಷಣ ಮಲ್ಟಿಮೀಟರ್ ಸೊನ್ನೆಗೆ ಬಿತ್ತು! ಗೋಂದು ತೆಳ್ಳಗಿದ್ದ ಕಡೆ ಎಳೆಗೆ ಎಳೆ ತಾಗಿ ಶಾರ್ಟ್ ಆಗಿತ್ತು. ಎರಡು ಸಲ ಅದ್ದಿ ಒಣಗಿಸಿದ ಮೇಲೆ ಸರಿಹೋಯಿತು. ನೀರು ಬೆರೆತ ಗೋಂದು ಆದ್ದರಿಂದ ಒಂದೊಂದಕ್ಕೆ ಒಂದು ವೋಲ್ಟ್‌ಗಿಂತ ಮೇಲೆ ಕೊಡುವಂತಿಲ್ಲ, ಹೆಚ್ಚಾದರೆ ನೀರೇ ಒಡೆಯುತ್ತದೆ. ಮೂರನ್ನು ಸೀರೀಸ್‌ನಲ್ಲಿ ಜೋಡಿಸಿದಾಗ ಕೆಂಪು ಎಲ್‌ಇಡಿ ಉರಿಯಿತು, ಕೆಲವೇ ಸೆಕೆಂಡು.

ಹಾಗಾಗಿ ಸದ್ಯಕ್ಕೆ ಇದು ಸರಿಹೊಂದುವುದು ಮೈಗೆ ಅಂಟಿರುವ ಸಣ್ಣ ಸೆನ್ಸರ್‌ಗಳಿಗೆ. ಎಲ್ಲಾದರೂ ಮಾರಾಟಕ್ಕೆ ಕಂಡರೆ ಮೊದಲು ತುದಿಗಳನ್ನು ನೋಡಿ. ದಾರ ಬಗ್ಗಿದರೂ ವೈರ್ ಸೇರುವ ಜಾಗ ಬಗ್ಗುವುದಿಲ್ಲ. ನನ್ನವು ಹೆಚ್ಚಾಗಿ ಕೈಕೊಟ್ಟಿದ್ದು ನಡುವೆ ಅಲ್ಲ, ಸಿಲ್ವರ್ ಪೇಸ್ಟ್ ಹಚ್ಚಿದ ತುದಿಯಲ್ಲೇ.