ಓದುಗರ ಪ್ರಶ್ನೆ: ಊಟಕ್ಕೆ ಗೋಡೆ ತುಂಬ ಚಿತ್ರ ಬರೆದವರು ಯಾರು?

ಪ್ರಶ್ನೆ: ಗ್ರೀಸ್‌ಗೆ ಹೋಗಿದ್ದ ನಮ್ಮ ಅಕ್ಕನ ಮಗ ಒಂದು ಪೋಸ್ಟ್‌ಕಾರ್ಡ್ ತಂದುಕೊಟ್ಟ. ದಪ್ಪ ಮೀಸೆಯ, ಬಿಳಿ ಲಂಗದಂಥ ಉಡುಪಿನ ವೀರನ ಚಿತ್ರ ಅದು. ಹಿಂದುಗಡೆ ‘ಥಿಯೋಫಿಲೋಸ್’ ಅಂತ ಹೆಸರಿದೆ. ಇವರು ಒಂದು ತಟ್ಟೆ ಊಟಕ್ಕೆ ಗೋಡೆಗಳ ಮೇಲೆ ಚಿತ್ರ ಬರೆದುಕೊಡುತ್ತಿದ್ದರಂತೆ. ನಿಜಾನಾ? – ಓದುಗರೊಬ್ಬರು, ಹಾಸನ

ಉತ್ತರ: ನಿಜ. ಎಷ್ಟೋ ಸಲ ಒಂದು ತಟ್ಟೆ ಊಟ, ಒಂದು ಲೋಟ ವೈನ್, ಅಷ್ಟೇ ಅವರ ಕೂಲಿ.

ಪೂರ್ತಿ ಹೆಸರು ಥಿಯೋಫಿಲೋಸ್ ಹಾಜಿಮಿಖಾಯಿಲ್. ಹುಟ್ಟಿದ್ದು ಸುಮಾರು 1870ರಲ್ಲಿ, ಲೆಸ್ಬೋಸ್ ದ್ವೀಪದ ವರಿಯಾ ಎಂಬ ಊರಲ್ಲಿ. ದ್ವೀಪದ ಮುಖ್ಯ ಪಟ್ಟಣ ಮಿಟಿಲೀನಿಗೆ ಅದು ಹತ್ತಿರ. ಅಪ್ಪ ಚಪ್ಪಲಿ ಹೊಲೆಯುವವರು. ತಾಯಿಯ ಅಪ್ಪ ಚರ್ಚುಗಳಿಗೆ ದೇವರ ಪಟ ಬರೆಯುವವರು, ಕುಂಚ ಹಿಡಿಯೋದನ್ನು ಹುಡುಗ ಕಲಿತದ್ದು ಅಜ್ಜನ ಪಕ್ಕದಲ್ಲೇ. ಓದು ತಲೆಗೆ ಹತ್ತಲಿಲ್ಲ. ಹದಿನೆಂಟರ ಆಸುಪಾಸಿನಲ್ಲಿ ಮನೆ ಬಿಟ್ಟು ಸ್ಮಿರ್ನಾಕ್ಕೆ, ಅಂದರೆ ಇವತ್ತಿನ ಟರ್ಕಿಯ ಇಜ್ಮಿರ್‌ಗೆ ಹೋಗಿ, ಅಲ್ಲಿನ ಗ್ರೀಕ್ ಕಾನ್ಸುಲೇಟಿನ ಬಾಗಿಲು ಕಾಯುವ ಕೆಲಸಕ್ಕೆ ಸೇರಿದರು.

ನಿಮ್ಮ ಕಾರ್ಡಿನಲ್ಲಿರುವ ಲಂಗದಂಥ ಉಡುಪಿಗೆ ಫುಸ್ತನೆಲ್ಲ ಅನ್ನುತ್ತಾರೆ. 1821ರಲ್ಲಿ ಟರ್ಕರ ಆಳ್ವಿಕೆಯ ವಿರುದ್ಧ ಎದ್ದ ಗ್ರೀಕ್ ಹೋರಾಟಗಾರರು ತೊಡುತ್ತಿದ್ದದ್ದು. ಥಿಯೋಫಿಲೋಸ್ ಅದನ್ನು ಚಿತ್ರದಲ್ಲಿ ಬರೆದು ಸುಮ್ಮನಾಗಲಿಲ್ಲ, ತಾವೂ ಅದನ್ನೇ ತೊಟ್ಟು ಬೀದಿಯಲ್ಲಿ ಓಡಾಡಿದರು. ಕಾರ್ನಿವಲ್ ಹಬ್ಬ ಬಂತೆಂದರೆ ಅಲೆಕ್ಸಾಂಡರ್ ವೇಷ ಹಾಕಿಕೊಂಡು, ಊರಿನ ಮಕ್ಕಳನ್ನೇ ಸೈನ್ಯ ಮಾಡಿಕೊಂಡು ಮೆರವಣಿಗೆ ಹೊರಡುತ್ತಿದ್ದರು. ಜನ ನಕ್ಕರು, ಹುಚ್ಚ ಅಂದರು. ನನಗೆ ಇದನ್ನು ಓದುವಾಗಲೆಲ್ಲ ಸಂಕಟ ಆಗುತ್ತದೆ. ಯಾಕಂದ್ರೆ ಆ ವೀರರ ಕಥೆಗಳು ಅವರಿಗೆ ನಿನ್ನೆ ಮೊನ್ನೆ ಕಣ್ಣಾರೆ ಕಂಡಷ್ಟು ನಿಜವಾಗಿದ್ದವು.

1897ರ ಹೊತ್ತಿಗೆ ಅವರು ವೋಲೋಸ್ ಪಟ್ಟಣಕ್ಕೆ ಬಂದರು. ಹತ್ತಿರ ಹತ್ತಿರ ಮೂವತ್ತು ವರ್ಷ ಅಲ್ಲೇ, ಪೀಲಿಯನ್ ಬೆಟ್ಟದ ಹಳ್ಳಿಗಳಲ್ಲಿ ಕಳೆದರು. ಬಣ್ಣದ ಸಾಮಾನು ಜೊತೆಗೇ ಇರುತ್ತಿತ್ತು. ಕಾಫಿ ಅಂಗಡಿ, ದಿನಸಿ ಅಂಗಡಿ, ಮನೆ, ಎಲ್ಲಿ ಗೋಡೆ ಕೊಟ್ಟರೆ ಅಲ್ಲಿ ಬರೆದರು. ಅವರಿಗೆ ನಿಜವಾಗಿ ಆಸರೆಯಾದವರು ಯಾನಿಸ್ ಕೊಂಡೋಸ್ ಎಂಬ ಜಮೀನುದಾರರು. ವೋಲೋಸ್ ಹತ್ತಿರದ ಅನಕಾಸಿಯಾದಲ್ಲಿರುವ ಕೊಂಡೋಸ್ ಮನೆಯ ಗೋಡೆಗಳನ್ನು 1912ರಲ್ಲಿ ಥಿಯೋಫಿಲೋಸ್ ಚಿತ್ರಗಳಿಂದ ತುಂಬಿಸಿದರು: ಸ್ವಾತಂತ್ರ್ಯ ಹೋರಾಟದ ನಾಯಕರು, ಯುದ್ಧಗಳು, ಹಳೇ ದೇವತೆಗಳು, ಹೂಬಳ್ಳಿ.

1927ರಲ್ಲಿ ಅವರು ಲೆಸ್ಬೋಸ್‌ಗೆ ವಾಪಸ್ಸಾದರು. ಕಾರಣವಾಗಿ ಜನ ಹೇಳುವ ಕಥೆ ಒಂದಿದೆ. ಅವರು ಏಣಿ ಮೇಲೆ ನಿಂತು ಚಿತ್ರ ಬರೆಯುತ್ತಿದ್ದಾಗ ಯಾರೋ ತಮಾಷೆಗೆ ಏಣಿ ಎಳೆದು ಕೆಡವಿದರಂತೆ. ಊರಿಗೆ ಬಂದ ಮೇಲೂ ಬದುಕೇನೂ ಬದಲಾಗಲಿಲ್ಲ, ಮತ್ತೆ ಹಳ್ಳಿ ಹಳ್ಳಿ ಸುತ್ತಾಟ, ಮತ್ತೆ ಊಟಕ್ಕೆ ಚಿತ್ರ.

ಆಗ ಅವರ ಕೆಲಸ ಒಬ್ಬರ ಕಣ್ಣಿಗೆ ಬಿತ್ತು. ಅವರು ಪ್ಯಾರಿಸ್‌ನಲ್ಲಿದ್ದ ಕಲಾ ವಿಮರ್ಶಕ ತೇರಿಯಾದ್. ಮೂಲ ಹೆಸರು ಸ್ತ್ರಾತಿಸ್ ಎಲೆಫ್ತೇರಿಯಾದಿಸ್, ಹುಟ್ಟೂರು ಇದೇ ದ್ವೀಪ. ತೇರಿಯಾದ್ ಚಿತ್ರ ಬರೆಯುವ ಕ್ಯಾನ್ವಾಸ್ ಬಟ್ಟೆ, ಬಣ್ಣ, ದುಡ್ಡು ಕೊಟ್ಟು ನಿಮಗೆ ತೋಚಿದ್ದು ಬರೆಯಿರಿ ಅಂದರು. ಕೊನೆಯ ಕೆಲವು ವರ್ಷ ಥಿಯೋಫಿಲೋಸ್ ಒಂದರ ಮೇಲೊಂದು ಚಿತ್ರ ಬರೆದರು. ಆದರೆ 1934ರ ಮಾರ್ಚ್‌ನಲ್ಲಿ ತೀರಿಕೊಂಡರು. ಪ್ಯಾರಿಸ್‌ನಲ್ಲಿ ಪ್ರದರ್ಶನ ಆಗಿದ್ದು 1936ರಲ್ಲಿ. ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಆಗ ಅವರನ್ನು ಮೆಚ್ಚಿ ಬರೆದರು. 1961ರಲ್ಲಿ ಚಿತ್ರಗಳು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂವರೆಗೂ ಹೋದವು. ಇದ್ಯಾವುದನ್ನೂ ಅವರು ನೋಡಲಿಲ್ಲ.

ಪ್ರಶ್ನೆ: ನಾನು ಡ್ರಾಯಿಂಗ್ ಮೇಷ್ಟ್ರು. ಥಿಯೋಫಿಲೋಸ್ ಚಿತ್ರ ನೋಡಿದ್ದೇನೆ. ಅಳತೆ ಸರಿಯಿಲ್ಲ, ದೂರ ಹತ್ತಿರದ ಲೆಕ್ಕ ಇಲ್ಲ. ಪಾಪ ಬಡವ ಅಂತ ಹೊಗಳುತ್ತಾರೋ, ನಿಜಕ್ಕೂ ದೊಡ್ಡವರೋ? – ಓದುಗರೊಬ್ಬರು, ಶಿರಸಿ

ಉತ್ತರ: ಮೇಷ್ಟ್ರೇ, ಇದು ಕೇಳಲೇಬೇಕಾದ ಪ್ರಶ್ನೆ. ಗ್ರೀಕ್ ಕವಿ ಸೆಫೆರಿಸ್ ಹೇಳಿರುವ ಒಂದು ಘಟನೆಯಿಂದ ಶುರು ಮಾಡುತ್ತೇನೆ. ಥಿಯೋಫಿಲೋಸ್ ಬ್ರೆಡ್ ಸುಡುವವನ ಚಿತ್ರ ಬರೆದರು. ಒಲೆಗೆ ಬ್ರೆಡ್ ತಳ್ಳುವ ಉದ್ದ ಹಿಡಿಯ ಹಲಗೆ ಇರುತ್ತದಲ್ಲ, ಚಿತ್ರದಲ್ಲಿ ಅದರ ಮೇಲಿನ ಬ್ರೆಡ್‌ಗಳು ನೆಟ್ಟಗೆ ನಮ್ಮ ಕಡೆ ಮುಖ ಮಾಡಿದ್ದವು. ಹೀಗಿದ್ದರೆ ಬಿದ್ದುಹೋಗುತ್ತವಲ್ಲ ಅಂತ ಯಾರೋ ಕೇಳಿದರು. ಬೀಳೋದು ನಿಜವಾದ ಬ್ರೆಡ್, ಬರೆದ ಬ್ರೆಡ್ ನಿಲ್ಲುತ್ತೆ, ಚಿತ್ರದಲ್ಲಿ ಎಲ್ಲವೂ ಕಾಣಬೇಕು ಅನ್ನೋ ಅರ್ಥದ ಉತ್ತರ ಬಂತು.

ಇದು ಗೊತ್ತಿಲ್ಲದವರ ಮಾತಲ್ಲ. ನೋಡುವವರಿಗೆ ಏನು ಬೇಕು ಅಂತ ಯೋಚಿಸಿದವರ ಮಾತು. ಬ್ರೆಡ್ ಅಷ್ಟೂ ಕಾಣಬೇಕು, ಅದಕ್ಕೆ ಹಲಗೆ ವಾಲಬೇಕು, ವಾಲಿಸಿದರು. ವೀರ ದೊಡ್ಡವನು, ಹಾಗಾಗಿ ಬೆಟ್ಟಕ್ಕಿಂತ ಎತ್ತರ ನಿಂತ. ಇನ್ನು ಬಣ್ಣ. ಆಲಿವ್ ಕೊಯ್ಲಿನ ಚಿತ್ರಗಳಲ್ಲಿ ಹಸಿರನ್ನು ನೋಡಿ, ಒಂದೊಂದು ಮರಕ್ಕೂ ಬೇರೆ ಬೆಳಕು ಬಿದ್ದ ಹಾಗಿದೆ. ಹೌದು, ಅಗ್ಗದ ಪ್ರಿಂಟುಗಳನ್ನು, ಪೋಸ್ಟ್‌ಕಾರ್ಡುಗಳನ್ನು ಇಟ್ಟುಕೊಂಡು ಎಷ್ಟೋ ಚಿತ್ರ ಬರೆದರು. ಆದರೆ ಆ ಪ್ರಿಂಟಿನಲ್ಲಿ ಇಲ್ಲದ ಗಾಳಿ ಇವರ ಚಿತ್ರದಲ್ಲಿ ಆಡುತ್ತದೆ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ, ಕೆಲವು ಅವಸರದಲ್ಲಿ ಆಗಿವೆ, ಅದನ್ನೂ ಒಪ್ಪುತ್ತೇನೆ. ಕವಿ ಎಲಿಟಿಸ್ 1935ರಲ್ಲೇ ಗೆಳೆಯ ಎಂಬಿರಿಕೋಸ್ ಜೊತೆ ಲೆಸ್ಬೋಸ್‌ಗೆ ಹೋಗಿ ಈ ಚಿತ್ರಗಳನ್ನು ಹುಡುಕಿ ನೋಡಿದರು. ಮುಂದೆ ಸೆಫೆರಿಸ್, ಎಲಿಟಿಸ್ ಇಬ್ಬರಿಗೂ ನೊಬೆಲ್ ಬಂತು. ಅಂಥವರು ಬರೀ ಕನಿಕರಕ್ಕೆ ಅಷ್ಟು ದೂರ ಹೋಗಲ್ಲ ಅಲ್ವಾ?

ಒಂದು ವಿನಂತಿ. ಮಕ್ಕಳಿಗೆ ಆ ಚಿತ್ರ ತೋರಿಸಿ, ತಪ್ಪು ಎಲ್ಲಿದೆ ಅಂತ ಕೇಳಬೇಡಿ. ಬ್ರೆಡ್ ಎಷ್ಟಿವೆ, ಎಣಿಸಿ ಅನ್ನಿ.

ಪ್ರಶ್ನೆ: ಮುಂದಿನ ವರ್ಷ ಗ್ರೀಸ್‌ಗೆ ಹೋಗುವ ಆಸೆ ಇದೆ. ಇವರ ಚಿತ್ರಗಳನ್ನು ಎಲ್ಲಿ ನೋಡಬಹುದು? – ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ವರಿಯಾ. ತೇರಿಯಾದ್ ತಮ್ಮ ದುಡ್ಡಿನಲ್ಲಿ ಕಟ್ಟಿಸಿಕೊಟ್ಟ ಥಿಯೋಫಿಲೋಸ್ ಮ್ಯೂಸಿಯಂ ಅಲ್ಲಿ ಆಲಿವ್ ಮರಗಳ ನಡುವೆ ಇದೆ, 1965ರಿಂದ ನಡೆಯುತ್ತಿದೆ. 86 ಚಿತ್ರಗಳಿವೆ. ಪಕ್ಕದಲ್ಲೇ ತೇರಿಯಾದ್ ಅವರದ್ದೇ ಮ್ಯೂಸಿಯಂ ಕೂಡ ಇದೆ. ಆಮೇಲೆ ಸಮಯ ಇದ್ದರೆ ವೋಲೋಸ್ ಹತ್ತಿರದ ಅನಕಾಸಿಯಾಕ್ಕೆ ಹೋಗಿ. ಕೊಂಡೋಸ್ ಮನೆ ಈಗ ಮ್ಯೂಸಿಯಂ ಆಗಿದೆ. ಬಟ್ಟೆ ಮೇಲಿನ ಚಿತ್ರ ನೋಡೋದು ಬೇರೆ, ಅವರು ನಿಂತು ಬರೆದ ಗೋಡೆಯ ಮುಂದೆ ನಿಲ್ಲೋದು ಬೇರೆ. ಹೊರಡುವ ಮುಂಚೆ ಯಾವ ದಿನ ಬಾಗಿಲು ತೆರೆದಿರುತ್ತದೆ ಅಂತ ವಿಚಾರಿಸಿಕೊಳ್ಳಿ.