ವಿಕಿಪೀಡಿಯ ಮತ್ತು ಜಾಹೀರಾತು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ. ವಿಕಿಪೀಡಿಯ ಜಾಹೀರಾತು, ಪ್ರಾಯೋಜನೆ ಎರಡನ್ನೂ ದೂರವಿಡಬೇಕು ಎನ್ನುವ ನಿಮ್ಮ ಲೇಖನ ಓದಿದೆವು. ನಿಲುವಿಗೆ ತಕರಾರಿಲ್ಲ. ಆದರೆ ಈಗಿರುವಂತೆ ಪ್ರಕಟಿಸಲಾಗದು. ಆವೇಶ ಹೆಚ್ಚು, ಆಧಾರ ಕಡಿಮೆ.

‘ಪರವಾನಗಿಯೇ ಜಾಹೀರಾತನ್ನು ತಡೆಯುತ್ತದೆ’ ಎಂದು ಬರೆದಿದ್ದೀರಿ. ಇದು ತಪ್ಪು. ವಿಕಿಪೀಡಿಯ ಲೇಖನಗಳಿಗಿರುವ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿ ವಾಣಿಜ್ಯ ಬಳಕೆಗೂ ಒಪ್ಪುತ್ತದೆ. ಮೂಲವನ್ನು ಹೆಸರಿಸಿ, ಅದೇ ಪರವಾನಗಿಯಲ್ಲಿ ಹಂಚಿದರೆ ಯಾರು ಬೇಕಾದರೂ ಲೇಖನಗಳನ್ನು ನಕಲಿಸಿ ಪಕ್ಕದಲ್ಲಿ ಜಾಹೀರಾತು ಹಾಕಬಹುದು. ಆದರೆ ಇದೇ ಸ್ವಾತಂತ್ರ್ಯ ಸ್ವಯಂಸೇವಕರಿಗೂ ಇದೆ: ಸಿಟ್ಟಾದರೆ ಬರೆದದ್ದನ್ನೆಲ್ಲ ಹೊತ್ತುಕೊಂಡು ಬೇರೆ ಮನೆ ಹೂಡಬಹುದು. ನಿಮ್ಮ ವಾದದ ಜೀವ ಇರಬೇಕಾದದ್ದು ಇಲ್ಲಿ, ಮತ್ತು ಇದಕ್ಕೆ ನಡೆದ ಉದಾಹರಣೆಯೇ ಇದೆ. 2002ರ ಫೆಬ್ರವರಿಯಲ್ಲಿ ವಿಕಿಪೀಡಿಯದ ಸಹಸ್ಥಾಪಕ ಲ್ಯಾರಿ ಸ್ಯಾಂಗರ್, ಆಗ ಖರ್ಚು ಭರಿಸುತ್ತಿದ್ದ ಬೋಮಿಸ್ ಕಂಪನಿ ಜಾಹೀರಾತು ಮಾರಬಹುದೆಂದು ಸೂಚಿಸಿದರು. ಸ್ಪ್ಯಾನಿಷ್ ವಿಕಿಪೀಡಿಯದ ಬರಹಗಾರರಲ್ಲಿ ಬಹುಪಾಲು ಮಂದಿ ಹೊರನಡೆದು ‘ಎನ್ಸಿಕ್ಲೊಪೀಡಿಯಾ ಲಿಬ್ರೆ’ ಕಟ್ಟಿದರು. ಸೆವಿಲ್ ವಿಶ್ವವಿದ್ಯಾಲಯದ ಸರ್ವರ್ ಅದಕ್ಕೆ ನೆಲೆಯಾಯಿತು. ಸ್ಪ್ಯಾನಿಷ್ ವಿಕಿಪೀಡಿಯ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಒಂದೇ ಒಂದು ಜಾಹೀರಾತೂ ಬಂದಿರಲಿಲ್ಲ, ಸುಳಿವಷ್ಟೇ ಸಾಕಾಗಿತ್ತು. ಇಂಥ ಘಟನೆಯನ್ನು ಬಿಟ್ಟು ‘ಜ್ಞಾನ ಮಾರಾಟದ ಸರಕಲ್ಲ’ ಎಂದು ಮೂರು ಪ್ಯಾರಾ ಬರೆದಿದ್ದೀರಲ್ಲ!

ಜಾಹೀರಾತು, ಪ್ರಾಯೋಜನೆ ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಅಮೆರಿಕದ ಲಾಭರಹಿತ ಸಂಸ್ಥೆ. ಅಲ್ಲಿನ ತೆರಿಗೆ ನಿಯಮದ ಪ್ರಕಾರ ಹಣ ಕೊಟ್ಟವರ ಹೆಸರು, ಲಾಂಛನ ತೋರಿಸಿ ಕೃತಜ್ಞತೆ ಹೇಳಿದರೆ ಅದು ಪ್ರಾಯೋಜನೆ. ಬೆಲೆ, ಹೊಗಳಿಕೆ, ‘ಕೊಳ್ಳಿ’ ಎಂಬ ಕರೆ ಸೇರಿದರೆ ಜಾಹೀರಾತು. ಎಷ್ಟು ಜನ ನೋಡಿದರು ಎಂಬುದರ ಮೇಲೆ ಮೊತ್ತ ನಿಗದಿಯಾದರೂ ಪ್ರಾಯೋಜನೆಗಿರುವ ತೆರಿಗೆ ವಿನಾಯಿತಿ ಸಿಗದು. ನಿಮಗೆ ಬೇಕಾದ ಗೆರೆ ಈ ಕೊನೆಯದು. ಕಂಪನಿಯವರು ಬಂದು ಲೇಖನ ತಿದ್ದಿಸುತ್ತಾರೆ ಎಂಬ ನಿಮ್ಮ ಭಯ ಸ್ವಲ್ಪ ಸಿನಿಮೀಯ. ತಿದ್ದುಪಡಿ ಇತಿಹಾಸ ಎಲ್ಲರ ಕಣ್ಣಿಗೂ ಬೀಳುತ್ತದೆ. ನಿಜವಾದ ಅಪಾಯ ಸದ್ದಿಲ್ಲದ್ದು. ಆದಾಯ ವೀಕ್ಷಣೆಗೆ ಅಂಟಿಕೊಂಡಾಗ ಸಂಸ್ಥೆಯ ಗಮನ ಹೆಚ್ಚು ಓದುಗರಿರುವ ಪುಟಗಳತ್ತ, ಹೆಚ್ಚು ಜಾಹೀರಾತು ದರವಿರುವ ಭಾಷೆಗಳತ್ತ ಹೊರಳುತ್ತದೆ. ಓದುಗರ ಜಾಡು ಹಿಡಿಯುವ ಕುಕೀಗಳೂ ಜೊತೆಗೇ ಬರುತ್ತವೆ.

ಹಾಗೆಂದು ಪ್ರಾಯೋಜನೆ ಸಲೀಸೆಂದೂ ಬರೆಯಬೇಡಿ. 2006ರ ಕೊನೆಯಲ್ಲಿ ದೇಣಿಗೆ ಕೋರುವ ಬ್ಯಾನರ್‌ನಲ್ಲಿ ವರ್ಜಿನ್ ಕಂಪನಿ ಸಮೂಹದ ದತ್ತಿ ಸಂಸ್ಥೆ ವರ್ಜಿನ್ ಯುನೈಟ್‌ನ ಲಾಂಛನ ಕಂಡಾಗಲೇ ಸಂಪಾದಕರಲ್ಲಿ ಗದ್ದಲವೆದ್ದಿತ್ತು.

‘ಸರ್ವರ್ ಖರ್ಚಿಗೆ ಹಣವೆಲ್ಲಿ?’ ಎಂಬ ಭಾಗ ತೆಗೆಯಿರಿ. ವೆಚ್ಚದ ದೊಡ್ಡ ಪಾಲು ಸಂಬಳ. ಸರ್ವರ್ ನಡೆಸುವ ಹೋಸ್ಟಿಂಗ್ ಖರ್ಚು ಅದರ ಮುಂದೆ ಚಿಕ್ಕದು. ಲೆಕ್ಕಪರಿಶೋಧಿತ ವಾರ್ಷಿಕ ವರದಿ ಮುಕ್ತವಾಗಿ ಸಿಗುತ್ತದೆ, ಅಂಕಿಗಳನ್ನು ಅದರಿಂದಲೇ ತೆಗೆದುಕೊಳ್ಳಿ. ದೊಡ್ಡ ಕಂಪನಿಗಳಿಗೆ ದತ್ತಾಂಶ ಸೇವೆ ಮಾರುವ ವಿಕಿಮೀಡಿಯ ಎಂಟರ್‌ಪ್ರೈಸ್ 2021ರಿಂದ ಇದೆ. ಅದನ್ನು ಒಪ್ಪುತ್ತೀರೋ ಇಲ್ಲವೋ ಹೇಳದೆ ‘ವಾಣಿಜ್ಯವೇ ಬೇಡ’ ಎಂದರೆ ಓದುಗರು ಬಿಡುವುದಿಲ್ಲ.

2002ರ ಘಟನೆಯಿಂದ ಶುರುಮಾಡಿ, ಈಗಿನ ಅರ್ಧ ಉದ್ದಕ್ಕೆ ಇಳಿಸಿ ಕಳಿಸಿ. ಮತ್ತೆ ಓದುತ್ತೇವೆ.